ನೂಲು ಕಚ್ಚುವ ಹಲ್ಲು

ಬೆಟಗೇರಿಯ ನೇಕಾರ ಓಣಿಗೆ ಗೋಪಣ್ಣನ ಮೇಲೆ ಒಂದೇ ಆಕ್ಷೇಪಣೆಯಿತ್ತು. ಹೆಂಡತಿ ಬಾಯಿ ತೆರೆದರೆ ಸಾಕು, ಅವನು ಕೈಯ ಕೆಲಸ ಬಿಟ್ಟು ಅವಳ ಮುಖವನ್ನೇ ನೋಡುತ್ತ ಕೂತುಬಿಡುತ್ತಿದ್ದ. ಎಪ್ಪತ್ತರ ಅಂಚಿಗೆ ಬಂದ ಗಂಡಸಿಗೆ ಇದು ಶೋಭಿಸದು ಎಂಬುದು ಓಣಿಯ ತೀರ್ಮಾನ.

"ಗೋಪಣ್ಣಾರ, ಮನಿಗೆ ಸೊಸಿ ಬಂದಾಳ. ನಿಮ್ಮ ಹೇಣ್ತಿ ಮಾರಿ ನೋಡೂದು ಇನ್ನೂ ಮುಗೀಲಿಲ್ಲೇನ್ರಿ?" ಎಂದು ಪಕ್ಕದ ಮನೆಯ ದೇವವ್ವ ಕಟ್ಟೆಯ ಮೇಲಿಂದ ಕೆಣಕುತ್ತಿದ್ದಳು.

ಗೋಪಣ್ಣ ಸುಮ್ಮನೆ ನಗುತ್ತಿದ್ದ. ಉತ್ತರ ಅಂಬವ್ವನದು: "ನಿನ್ನ ಗಂಡ ನಿನ್ನ ಮಾರಿ ನೋಡಲಿಲ್ಲಂತ ನನ್ನ ಗಂಡಗ ಕಣ್ಣ ಹಾಕಬ್ಯಾಡ."

ಗೋಪಣ್ಣ ಹರೆಯದಿಂದ ಪಾವರಲೂಮಿನ ಶೆಡ್ಡುಗಳಲ್ಲಿ ದುಡಿದು, ಕಾಲು ಸೋತ ಮೇಲೆ ಮನೆಯ ಪಡಸಾಲೆಯ ಕುಣಿಮಗ್ಗಕ್ಕೆ ಇಳಿದವನು. ಅಂಬವ್ವ ಅವನಿಗೆ ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದಳು. ಮಗ್ಗಕ್ಕೆ ಉದ್ದಕ್ಕೆ ಹೂಡಿದ ಎಳೆಗಳ ಒಂದು ಹಾಸು ನೇಯ್ದು ಮುಗಿದಾಗ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುವುದಕ್ಕೆ ಕೆಚ್ಚುವುದು ಎನ್ನುತ್ತಾರೆ; ಅದರಲ್ಲಿ ಅವಳ ಸಮ ಇನ್ನೊಬ್ಬರಿರಲಿಲ್ಲ. ಮಗ ಆನಂದ ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೈಂಡಿಂಗ್ ವಿಭಾಗ ನೋಡಿಕೊಳ್ಳುತ್ತಿದ್ದ. ಸೊಸೆ ಕಲ್ಪನಾ ಲಕ್ಷ್ಮೇಶ್ವರದವಳು, ಕಿಟಕಿಯ ಬಳಿ ಹೊಲಿಗೆ ಯಂತ್ರ ಹಾಕಿಕೊಂಡು ಓಣಿಯವರ ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದಳು. ಎಡಗೋಡೆಯಾಚೆ ಪಾವರಲೂಮು, ಬಲಗೋಡೆಯಾಚೆ ಪಾವರಲೂಮು. ಇಂಥ ಕಡೆ ಎಲ್ಲರೂ ಕೂಗಿಯೇ ಮಾತಾಡುವುದರಿಂದ ಯಾರಿಗೆ ಎಷ್ಟು ಕೇಳುತ್ತದೆ ಎಂದು ಯಾರೂ ಯೋಚಿಸಿದವರಲ್ಲ.

ಅಂಬವ್ವನ ಮೇಲಿನ ಮುಂಬಲ್ಲೊಂದರ ಅಂಚಿನಲ್ಲಿ ಸಣ್ಣದೊಂದು ಕಚ್ಚು ಬಿದ್ದಿತ್ತು. ಹುಡುಗಿಯಾಗಿದ್ದಾಗಿನಿಂದ ಅಲ್ಲಿಯೇ ಇಟ್ಟು ನೂಲು ಕಡಿದು ಕಡಿದು ಆದ ಗುರುತು. ನೂಲು ತಾನಾಗಿಯೇ ದಾರಿ ಗೊತ್ತಿದ್ದಂತೆ ಅಲ್ಲಿಗೆ ಹೋಗಿ ಕೂಡುತ್ತಿತ್ತು. ಕಲ್ಪನಾ ಕತ್ತರಿ ಹುಡುಕಿದಾಗಲೆಲ್ಲ ಅವಳಿಗೆ ಅದರ ಪ್ರದರ್ಶನ ನಡೆಯುತ್ತಿತ್ತು.

"ದೇವರು ಬಾಯಾಗ ಎರಡ ಸಾಲು ಕತ್ರಿ ಇಟ್ಟ ಕಳಸ್ಯಾನ. ಇಕಿಗೆ ಅಂಗಡ್ಯಾಗಿಂದ ಬೇಕು!"

ಶ್ರಾವಣದ ಒಂದು ಮುಂಜಾನೆಯೂ ಹೀಗೇ ಆಯಿತು. ಕತ್ತರಿ ಸಿಗದೆ ಕಲ್ಪನಾ ಬಟ್ಟೆಯ ರಾಶಿ ಕೆದಕುತ್ತಿದ್ದಳು. ಅಂಬವ್ವ ಅವಳ ಮಡಿಲಿನ ಸೀರೆ ಕಸಿದುಕೊಂಡು ದಾರವನ್ನು ಹಲ್ಲಿಗಿಟ್ಟಳು. ಅದು ಹತ್ತಿಯ ನೂಲಲ್ಲ, ನೈಲಾನ್. ಅದು ಕಡಿಯಲಿಲ್ಲ. ಅಂಬವ್ವ ಹಟ ಬಿಡಲಿಲ್ಲ. ಟಕ್ ಎಂದಿತು. ದಾರ ಹಾಗೇ ಇತ್ತು, ಅರ್ಧ ಹಲ್ಲು ಅಂಗೈಯಲ್ಲಿತ್ತು.

"ನಿನ್ನ ಹಾಳ ದಾರ!" ಎಂದಳು ಅಂಬವ್ವ. ಅಂದದ್ದು ಹಾಗೆ, ಕೇಳಿಸಿದ್ದು "ಹಾಳ ಫಾರ" ಎಂದು. ಕಲ್ಪನಾ ನಗಬಾರದೆಂದು ತುಟಿ ಕಚ್ಚಿಕೊಂಡಳು, ಆದರೆ ಅಂಬವ್ವನ ಕಣ್ಣಿಗೆ ಅದು ಬಿತ್ತು. ಅವಳು ಸೆರಗೆಳೆದು ಬಾಯಿ ಮುಚ್ಚಿಕೊಂಡಳು. ಆಮೇಲೆ ವಾರಗಟ್ಟಲೆ ಆ ಸೆರಗು ಇಳಿಯಲಿಲ್ಲ.

ಹಲ್ಲು ಮುರಿದದ್ದು ಮನೆಯವರಿಗೆಲ್ಲ ಗೊತ್ತಿತ್ತು. ಆದರೆ ಅದನ್ನು ನೋಡುವ ಹಾಗಿರಲಿಲ್ಲ, ಮಾತಾಡುವ ಹಾಗೂ ಇರಲಿಲ್ಲ. ಅಂಬವ್ವ ಎಲ್ಲರದೂ ಆದ ಮೇಲೆ ಒಲೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದಳು. ರೊಟ್ಟಿಯನ್ನು ಸಾರಿನಲ್ಲಿ ನೆನೆಹಾಕಿ, ಪುಂಡಿಪಲ್ಯವನ್ನು ಕಿವುಚಿ, ಒಂದೇ ಕಡೆಯ ದವಡೆಯಿಂದ. ತಣ್ಣೀರು ಕುಡಿದರೆ ಝಳಕ್ ಎನ್ನುತ್ತಿತ್ತು. ಬಿಸಿಲಿಗಿಟ್ಟ ತಂಬಿಗೆಯ ನೀರು ಕುಡಿಯುತ್ತಿದ್ದಳು.

ಮೊದಲ ವಾರ ಕಲ್ಪನಾಗೆ ಹಬ್ಬದಂತಿತ್ತು. ಪಲ್ಯಕ್ಕೆ ಉಪ್ಪು ಹೆಚ್ಚಾದರೂ ಬೈಗುಳವಿಲ್ಲ, ಹಾಲು ಉಕ್ಕಿದರೂ ಬೈಗುಳವಿಲ್ಲ. ಎರಡನೆಯ ವಾರದಲ್ಲಿ ಅವಳಿಗೆ ತಿಳಿಯಿತು, ಆ ಮನೆ ನಡೆಯುತ್ತಿದ್ದುದೇ ಬೈಗುಳದ ಮೇಲೆ. ಮಾವ ಜಳಕಕ್ಕೆ ಏಳಲಿಲ್ಲ. ಕಾಸಿದ ನೀರು ಆರಿತು. ಹಾಲು ತರುವುದನ್ನು ಮರೆತ. ಕರೆದರೆ ಊಟಕ್ಕೂ ಬರಲಿಲ್ಲ.

"ಎಷ್ಟ ದಿನ ಹಿಂಗ ಮಾತ ಬಿಟ್ಟು ಕುಂಡ್ರತಿ?" ಎಂದು ಒಂದು ದಿನ ಗೋಪಣ್ಣ ಮಗ್ಗದ ಕುಣಿಯಿಂದಲೇ ಗುಡುಗಿದ. "ನಾ ಏನ ಮಾಡೇನಿ ನಿನಗ?"

"ಯಾರ್ರೀ ಮಾತ ಬಿಟ್ಟಾರ? ಮುಂಜಾನಿಂದ ಒದರಾಕತ್ತೇನಿ" ಎಂದಳು ಅಂಬವ್ವ, ಸೆರಗಿನೊಳಗಿಂದ.

"ನೋಡು, ಈಗೂ ಹೆಂಗ ಕುಂತಾಳ! ಹೂಂ ಅನ್ನಂಗಿಲ್ಲ, ಉಹೂಂ ಅನ್ನಂಗಿಲ್ಲ."

"ಕಿವಿಗೇನ ಹತ್ತಿ ತುರಕೊಂಡೀರೇನು?"

"ಆತು ಬಿಡು. ನೀ ಮಾತಾಡಬ್ಯಾಡ. ನಾನೂ ಆಡಂಗಿಲ್ಲ."

ಹೀಗೆ ಒಬ್ಬರು ಮಾತಾಡುತ್ತ, ಇನ್ನೊಬ್ಬರು ಮಾತು ಬಿಟ್ಟರೆಂದು ಕೋಪಿಸಿಕೊಳ್ಳುತ್ತ ದಿನ ಕಳೆದವು. ಅಂಬವ್ವನಿಗೆ ಹಲ್ಲಿನ ನೋವಿಗಿಂತ ಇದು ಹೆಚ್ಚು ನಾಟಿತು. ಮುಖ ಕೆಟ್ಟ ಕೂಡಲೇ ಗಂಡನಿಗೆ ತನ್ನ ಮಾತೂ ಬೇಡವಾಯಿತು ಎಂದು ಅವಳು ನಿರ್ಧರಿಸಿಕೊಂಡಳು.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಆನಂದ ವಿಷಯ ತೆಗೆದ. "ಕಿತ್ತಿಸಿ ಬಿಡೂಣು. ಒಂದ ಹೊತ್ತಿನ ಕೆಲಸ."

"ಬೇರು ಗಟ್ಟಿ ಇದ್ದರ ಕೀಳಬಾರದಂತ್ರಿ" ಎಂದಳು ಕಲ್ಪನಾ ಗಂಡನಿಗೆ. "ಮುಳಗುಂದ ನಾಕಾದ ಹಂತ್ಯಾಕ ಒಬ್ಬರು ಡಾಕ್ಟರ್ ಅದಾರ, ಜಾಸ್ಮಿನ ಅಂತ, ಶಿರಹಟ್ಟಿಯವರು. ಮುರದ ಹಲ್ಲಿನ ಮ್ಯಾಲ ಕ್ಯಾಪ್ ಕುಂಡ್ರಸ್ತಾರ. ನಮ್ಮ ಕಾಕೂಂದು ಅವರ ಮಾಡ್ಯಾರ. ನೋಡಿದ್ರ ಗೊತ್ತ ಆಗಂಗಿಲ್ಲ."

ಕ್ಯಾಪ್ ಎಂಬ ಮಾತಿಗೆ ಆನಂದ ಅಪ್ಪನತ್ತ ತಿರುಗಿ, ತಲೆಯ ಮೇಲೆ ಕೈಯಿಟ್ಟು ತೋರಿಸಿ ಅರ್ಥ ಬಿಡಿಸಿದ: "ಟೊಪಗಿ! ಅವ್ವಗ ಟೊಪಗಿ ಹಾಕ್ತಾರಂತ!"

"ಯಾರಂವ ಹಾಕಂವ?" ಗೋಪಣ್ಣನ ತುತ್ತು ಅಲ್ಲಿಯೇ ನಿಂತಿತು. "ಸೂರತ್ ಸೀರಿ ಮಾರಾಕ ಬಂದಿದ್ನಲ್ಲ, ಅವನ? ಅವತ್ತ ಹೇಳಿದ್ನಿ, ಅಂವ ಟೊಪಗಿ ಹಾಕೂ ಮನಿಶ್ಯಾ ಅಂತ!"

ಅದನ್ನು ಸರಿಪಡಿಸುವಷ್ಟರಲ್ಲಿ ಸಾರು ಆರಿತು. ಕೊನೆಗೆ ಒಲೆಯ ಕಡೆಯಿಂದ ಸೆರಗಿನೊಳಗಿನ ತೀರ್ಪು ಬಂತು: "ಉಳದ ಹಲ್ಲನ್ನೂ ಸುತ್ತೂ ಕಡೆ ಸವಸ್ತಾರಂತ. ಇದ್ದದ್ದೂ ಕಳಕೊಳ್ಳಾಕ ನನಗ ಹುಚ್ಚ ಹಿಡದಿಲ್ಲ. ಹೋಗೂ ವಯಸ್ಸಿನ್ಯಾಗ ಈ ಶೃಂಗಾರ ಯಾರಿಗೆ ತೋರ್ಸಾಕ?"

ಸಂಜೆ ದೇವವ್ವ ಬಂದು ತನ್ನ ಉದಾಹರಣೆ ಮುಂದಿಟ್ಟಳು. ಅವಳು ಎಲ್ಲ ಹಲ್ಲು ಕೀಳಿಸಿ ಸೆಟ್ಟು ಮಾಡಿಸಿಕೊಂಡಿದ್ದಳು. ಮಾತಿನ ನಡುವೆ ಅದನ್ನು ಹೊರತೆಗೆದು ಕಟ್ಟೆಯ ಮೇಲಿಟ್ಟು, ಮಾತಿಗೆ ಖಾರ ಬೇಕೆನಿಸಿದಾಗ ಮತ್ತೆ ಹಾಕಿಕೊಳ್ಳುತ್ತಿದ್ದಳು. "ನೀನೂ ಕೀಳಸಿ ಬಿಡ, ಅಂಬವ್ವಾ. ಹಲ್ಲಿದ್ದರ ಹಲ್ಲಿನ ಕಾಟ" ಎಂದಳು. ಕಟ್ಟೆಯ ಮೇಲೆ ನಗುತ್ತ ಕೂತ ಆ ಸೆಟ್ಟನ್ನು ಅಂಬವ್ವ ಬಹಳ ಹೊತ್ತು ನೋಡಿದಳು. ಕೀಳಿಸುವ ಮಾತು ಅಂದಿಗೆ ಮುಗಿಯಿತು. ಮಾಡಿಸುವ ಮಾತು ಮಾತ್ರ ಶುರುವಾಗಲಿಲ್ಲ.

ಗುಟ್ಟು ರಟ್ಟಾದದ್ದು ಕನ್ನಡಿಯಿಂದ.

ಪಡಸಾಲೆಯ ಗೋಡೆಗೆ, ಮಗ್ಗದ ಎದುರಿಗೆ, ಒಂದು ಹಳೆಯ ಕನ್ನಡಿ. ಆ ದಿನ ಎರಡೂ ಕಡೆಯ ಪಾವರಲೂಮುಗಳು ಒಟ್ಟಿಗೇ ಭೋರ್ಗರೆಯುತ್ತಿದ್ದವು. ಕಲ್ಪನಾ ಯಂತ್ರ ತುಳಿಯುತ್ತಿದ್ದಳು, ಗೋಪಣ್ಣ ಲಾಳಿ ಎಸೆಯುತ್ತಿದ್ದ. ಯಾರೂ ನೋಡುತ್ತಿಲ್ಲವೆಂದುಕೊಂಡು ಅಂಬವ್ವ ಕನ್ನಡಿಯ ಮುಂದೆ ನಿಂತು ಸೆರಗಿಳಿಸಿದಳು. ಬೆರಳಿನಿಂದ ತುಟಿ ಎತ್ತಿ ಮುರುಕನ್ನು ನೋಡಿಕೊಂಡಳು. ಆಮೇಲೆ ಅವಳ ತುಟಿಗಳು ಅಲ್ಲಾಡಿದವು. ಎರಡು ಮಾರು ದೂರದಲ್ಲಿದ್ದ ಕಲ್ಪನಾಗೆ ಒಂದಕ್ಷರವೂ ಕೇಳಲಿಲ್ಲ.

ಹಿಂದೆ ಕುಣಿಯಲ್ಲಿ ಕೂತ ಗೋಪಣ್ಣ ಕನ್ನಡಿಯನ್ನು ನೋಡುತ್ತ ದೊಡ್ಡ ದನಿಯಲ್ಲಿ ಉತ್ತರ ಕೊಟ್ಟ: "ಆ ಮಾರಿಗೇನಾಗೇತಿ? ಚಲೋನ ಐತಿ."

ಅಂಬವ್ವ ಬೆಚ್ಚಿ ಸೆರಗೆಳೆದುಕೊಂಡು ಅಡುಗೆ ಮನೆಗೆ ನಡೆದಳು. ಕಲ್ಪನಾ ಸೂಜಿಯ ಕೆಳಗಿನ ಬಟ್ಟೆ ಹಾಗೇ ಬಿಟ್ಟು ಹಿಂದೆಯೇ ಹೋದಳು.

"ಅತ್ತೀ, ಕನ್ನಡಿ ಮುಂದ ಏನಂದ್ರಿ?"

"ನನಗ ನಾನ ಅಂದಕೊಂಡೆ. 'ಈ ಮಾರಿ ತಗೊಂಡ ಯಾರ ಮುಂದ ನಿಂದರ್ಲಿ' ಅಂತ. ಅದೂ ಪಿಸುಮಾತಿನ್ಯಾಗ."

"ನನಗ ಕೇಳಲಿಲ್ರಿ. ಮಾವಾರಿಗೆ ಹೆಂಗ ಕೇಳ್ತು?"

"ಅವರ ಕಿವಿ ಚುರುಕ ಅದಾವ. ಬೇಕಾದಾಗ ಅಷ್ಟ ಕೇಳ್ತಾವ."

"ಅಲ್ರಿ ಅತ್ತಿ. ಅವರಿಗೆ ಕಿವಿ ಕೇಳಂಗಿಲ್ಲ. ಅವರು ನಿಮ್ಮ ಬಾಯಿ ನೋಡಿ ಕೇಳ್ತಾರ."

ಅಂಬವ್ವ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. ಮಾತು ನಂಬುವಂತಿರಲಿಲ್ಲ, ಹಾಗೆಂದು ತಳ್ಳಿಹಾಕುವಂತೆಯೂ ಇರಲಿಲ್ಲ. ಅವಳು ಸದ್ದಿಲ್ಲದೆ ಪಡಸಾಲೆಗೆ ಬಂದು ಗಂಡನ ಬೆನ್ನ ಹಿಂದೆ, ಕನ್ನಡಿಗೂ ಕಾಣದಂತೆ ನಿಂತಳು. ಸೆರಗು ತೆಗೆದು, ಕೂಡಿ ಬಾಳಿದ ವರ್ಷಗಳಲ್ಲಿ ಎಂದೂ ಆಡದ ಒಂದು ಬೈಗುಳವನ್ನು ಸಾಕಷ್ಟು ಜೋರಾಗಿಯೇ ಆಡಿದಳು. ಅದರಲ್ಲಿ ಅವನ ಮನೆತನದ ಮೂರು ತಲೆಮಾರು ಬಂದಿದ್ದವು.

ಲಾಳಿ ಆ ಕಡೆ ಹೋಯಿತು, ಈ ಕಡೆ ಬಂತು. ಗೋಪಣ್ಣ ಏನೋ ಹಾಡು ಗುನುಗುತ್ತಿದ್ದ.

ಅಂಬವ್ವ ಅಲ್ಲಿಯೇ ಕಂಬಕ್ಕೆ ಆತು ನಿಂತಳು. ದೇವವ್ವ ಕಟ್ಟೆಯ ಮೇಲಿಂದ ಕೆಣಕಿದ್ದೆಲ್ಲ ನೆನಪಾಗಿರಬೇಕು. ಮುಖ ನೋಡುತ್ತಾನೆಂದು ಓಣಿಯೇ ನಕ್ಕಿತ್ತು, ಅವಳೂ ಒಳಗೊಳಗೇ ಹಿಗ್ಗಿದ್ದಳು. ಅವನು ನೋಡುತ್ತಿದ್ದುದು ಕೇಳುವುದಕ್ಕೆ. ಸೆರಗು ಮುಚ್ಚಿದ ದಿನದಿಂದ, ಪಾಪ, ಅವನಿಗೆ ಮನೆಯಲ್ಲಿ ಮಾತೇ ಇರಲಿಲ್ಲ.

"ಯಾವ ದವಾಖಾನಿ ಅಂದಿ?" ಎಂದಳು ಸೊಸೆಗೆ.

ಆನಂದ ಸಂಜೆ ವಿಷಯ ತಿಳಿದು ಅಪ್ಪನ ಎದುರಿಗೆ ಕೂತ, ಬಾಯಿ ಬಿಡಿಸಿ ಬಿಡಿಸಿ ಹೇಳಿದ: "ಅಪ್ಪಾ, ಕಿವಿಗೆ ಮಷೀನ ಹಾಕ್ಸೂಣು."

"ನಾ ಏನ ಕಿವುಡ ಅಲ್ಲ" ಎಂದ ಗೋಪಣ್ಣ. ಒಲೆಯ ಕಡೆ ಕಣ್ಣು ಹಾಯಿಸಿ, "ನನ್ನ ಮಷೀನ ಅಕಿ ಬಾಯಾಗ ಐತಿ. ಮೊದಲ ಅದನ್ನ ರಿಪೇರಿ ಮಾಡಸ್ರಿ" ಎಂದ.

ಡಾಕ್ಟರ್ ಜಾಸ್ಮಿನ ಸಣ್ಣ ವಯಸ್ಸಿನವಳು. ದೊಡ್ಡ ದೀಪದ ಕೆಳಗಿನ ಕುರ್ಚಿಯಲ್ಲಿ ಅಂಬವ್ವನನ್ನು ಕೂಡಿಸಿ, ಸೆರಗು ತೆಗೆಯಲು ಹೇಳಲೇ ಇಲ್ಲ. ಶಿರಹಟ್ಟಿಯ ಮಳೆ, ಬೆಟಗೇರಿಯ ಸೀರೆ, ಕಲ್ಪನಾಳ ಲಕ್ಷ್ಮೇಶ್ವರ, ಎಲ್ಲ ಮಾತಾಡಿದಳು. ಅಂಬವ್ವ ತಾನೇ ಬೇಸತ್ತು ಸೆರಗಿಳಿಸಿ ಬಾಯಿ ತೆರೆದಳು.

"ಅವ್ವಾರ, ಇದು ನೂಲು ಕಚ್ಚೂ ಹಲ್ಲಲ್ರಿ?" ಎಂದಳು ಡಾಕ್ಟರ್. "ಕಚ್ಚು ಬಿದ್ದ ಜಾಗಾದಾಗ ಸೀಳ್ಯದ."

ಫೋಟೋ ತೆಗೆದು ಪರದೆಯ ಮೇಲೆ ತೋರಿಸಿದಳು. ಮೇಲೆ ಮೊಂಡು, ಒಳಗೆ ನೀಳವಾದ ಬೇರು.

"ಬೇರು ಗಟ್ಟಿ ಐತ್ರಿ. ಆದರ ಒಳಗಿನ ನರ ಬಯಲಾಗೇತಿ, ಅದಕ್ಕ ನೀರು ಝಳಕ್ ಅಂತೈತಿ. ಮೊದಲ ಬೇರಿನ ಒಳಗ ಸ್ವಚ್ಛ ಮಾಡಿ ತುಂಬೂದು. ಆಮ್ಯಾಲ ಒಂದು ಸಣ್ಣ ಕಡ್ಡಿ ಇಳಿಸಿ ಮೊಂಡು ಕಟ್ಟೂದು. ಸುತ್ತೂ ಕಡೆ ಸ್ವಲ್ಪ ಸವಿಸಿ, ಅದರ ಮ್ಯಾಲ ಪಿಂಗಾಣಿ ಹಲ್ಲು ಕುಂಡ್ರಸೂದು."

"ಪಿಂಗಾಣಿ? ಕಪ್ಪು-ಬಸಿ ಮಾಡ್ತಾರಲ್ಲ, ಅದು?"

"ಅದಕ್ಕಿಂತ ಭಾಳ ಗಟ್ಟಿ. ಹಲ್ಲನ್ನ ಸುತ್ತಗಟ್ಟಿ ಹಿಡೀತೈತಿ. ಮತ್ತ ಸೀಳಾಕ ಬಿಡಂಗಿಲ್ಲ, ಒಳಗ ಹುಳುಕು ಹೋಗಾಕ ಬಿಡಂಗಿಲ್ಲ. ಕಚ್ಚೂ ಭಾರ ಅದು ಹೊರತೈತಿ."

"ಸವಸೂದು ಯಾಕ? ಇದ್ದದ್ದ ಇಷ್ಟ."

"ಸವಸದ ಇದ್ದರ ಟೊಪಗಿಗೆ ಜಾಗಾ ಎಲ್ಲಿ? ಪಕ್ಕದ ಹಲ್ಲಿಗಿಂತ ಮುಂದ ಬಂದು ನಿಲ್ತೈತಿ. ನೀವ ನೋಡೀರಿ, ದಪ್ಪ ಗಂಟು ಹಾಕಿದ್ರ ಎಳಿ ಮಗ್ಗದ ಹಣಿಗಿಯೊಳಗ ಹಾಯಂಗಿಲ್ಲ."

ಅಂಬವ್ವ ಕುರ್ಚಿಯಲ್ಲಿ ಎದ್ದು ಕೂತಳು. "ನಿನಗ ಹಣಿಗಿ ಹೆಂಗ ಗೊತ್ತವಾ?"

"ಬೆಟಗೇರಿ ಮಂದಿ ಬಾಯಿ ನೋಡಿ ನೋಡಿ ಕಲತೇನ್ರಿ."

"ಹಂಗಂದ್ರ ಇದು ಕೆಚ್ಚೂದು" ಎಂದಳು ಅಂಬವ್ವ, ಸೊಸೆಯ ಕಡೆ ತಿರುಗಿ. "ಹಳೇ ಎಳಿ ಕಿತ್ತ ಒಗ್ಯಾಂಗಿಲ್ಲ. ಅದರ ತುದಿಗೆ ಹೊಸಾದು ಹೊಸಿಯೂದು. ಮೊದಲ ಹಿಂಗ ಹೇಳಾಕ ಏನಾಗಿತ್ತು ನಿನಗ?"

ಒಳಗಿನ ಕೆಲಸ ಒಂದೆರಡು ಸಲ ಕರೆಸಿಕೊಂಡು ಮುಗಿಯಿತು. ಮರಗಟ್ಟಿಸುವ ಸೂಜಿ ಬಿಟ್ಟರೆ ಬೇರೆ ನೋವಾಗಲಿಲ್ಲ. ಅದು ಅಂಬವ್ವನಿಗೆ ಸ್ವಲ್ಪ ನಿರಾಶೆಯನ್ನೇ ತಂದಿತು, ಓಣಿಯಲ್ಲಿ ಹೇಳಿಕೊಳ್ಳಲು ಏನೂ ಉಳಿಯಲಿಲ್ಲ. ಡಾಕ್ಟರ್ ಮೊಂಡನ್ನು ಕಟ್ಟಿ ಸವಿಸಿ, ಮೆತ್ತನೆಯ ಮುದ್ದೆ ಕಚ್ಚಿಸಿ ಅಚ್ಚು ತೆಗೆದಳು. ಹುಬ್ಬಳ್ಳಿಯಿಂದ ಖಾಯಂ ಹಲ್ಲು ಬರುವವರೆಗೆ ಇರಲಿ ಎಂದು ಒಂದು ತಾತ್ಕಾಲಿಕ ಟೊಪಗಿ ಹಾಕಿ, ಬೆರಳೆತ್ತಿ ಹೇಳಿದಳು: "ಇದರ ಮ್ಯಾಲ ರೊಟ್ಟಿ ಕಡೀಬ್ಯಾಡ್ರಿ. ನೂಲಂತೂ ಇದಕ್ಕೂ ಇಲ್ಲ, ಬರೂ ಹಲ್ಲಿಗೂ ಇಲ್ಲ. ಇನ್ನ ಮ್ಯಾಲ ಕತ್ರಿ."

ಬಣ್ಣ ಆರಿಸುವ ಹೊತ್ತಿಗೆ ಗೋಪಣ್ಣನನ್ನೂ ಆನಂದನನ್ನೂ ಒಳಗೆ ಕರೆದರು. ಬೀಗದ ಕೈಗಳ ಗೊಂಚಲಿನಂತೆ ಹಲ್ಲುಗಳ ಒಂದು ಗೊಂಚಲಿತ್ತು, ಒಂದೊಂದಕ್ಕೆ ಒಂದೊಂದು ಬಿಳುಪು.

"ಇದಾಗ್ಲಿ" ಎಂದು ಆನಂದ ಎಲ್ಲಕ್ಕಿಂತ ಬೆಳ್ಳಗಿನದನ್ನು ಮುಟ್ಟಿದ. "ಫಸ್ಟ್ ಕ್ಲಾಸ್ ಕಾಣ್ತೈತಿ."

"ಅದೊಂದ ಕಾಣ್ತೈತಿ, ಉಳದವು ಅಳತಾವ" ಎಂದ ಗೋಪಣ್ಣ.

ಡಾಕ್ಟರ್ ನಕ್ಕಳು. "ಇಲ್ಲಿ ಬ್ಯಾಡ್ರಿ. ಟ್ಯೂಬಲೈಟಿನ ಬೆಳಕು ಸುಳ್ಳ ಹೇಳತೈತಿ. ಎಲ್ಲಾರೂ ಹೊರಗ ಬರ್ರಿ" ಎಂದು ಅಂಬವ್ವನನ್ನು ಬಾಗಿಲ ಹೊರಗೆ ಹಗಲ ಬೆಳಕಿಗೆ ನಿಲ್ಲಿಸಿ, ಒಂದೊಂದೇ ಮಾದರಿಯನ್ನು ಹಲ್ಲಿನ ಪಕ್ಕಕ್ಕಿಟ್ಟು ನೋಡತೊಡಗಿದಳು.

ಗೋಪಣ್ಣನಿಗೆ ಈ ಡಾಕ್ಟರಿನ ಮೇಲೆ ಪೂರ್ಣ ವಿಶ್ವಾಸ ಹುಟ್ಟಿದ್ದು ಆಗ. ಟ್ಯೂಬಲೈಟಿನ ಕೆಳಗೆ ಸೀರೆ ತೋರಿಸುವ ಅಂಗಡಿಯನ್ನು ಅವನು ಎಂದೂ ನಂಬಿದವನಲ್ಲ. ಕೊನೆಗೆ ಡಾಕ್ಟರೂ ಅವನೂ ಒಂದೇ ಮಾದರಿಯ ಮೇಲೆ ಬೆರಳಿಟ್ಟರು: ತೊಳೆಯದ ಹತ್ತಿನೂಲಿನ ಬಣ್ಣದ್ದು, ಬುಡದ ಕಡೆ ತುಸು ಹಳದಿ.

ಮನೆಗೆ ಬಂದ ಮರುದಿನ ಅಂಬವ್ವ ಕಂಡಿಕೆ ಸುತ್ತಲು ಕೂತಳು. ಎಳೆ ತುಂಡಾಯಿತು, ಗಂಟು ಹಾಕಿದಳು, ಉಳಿದ ತುದಿ ತಾನಾಗಿ ಬಾಯಿಗೆ ಹೋಯಿತು. ಟೊಪಗಿ ಕಳಚಿ ನೂಲಿನ ಜೊತೆಗೇ ಬುಟ್ಟಿಗೆ ಬಿತ್ತು.

"ಕಲ್ಪನಾ!" ಎಂದು ಕೂಗಿದ ದನಿಗೆ ಹಾಲಿನ ಪಾತ್ರೆ ಹಿಡಿದುಕೊಂಡೇ ಕಲ್ಪನಾ ಓಡಿಬಂದಳು. ಆ ಮನೆಯಲ್ಲಿ ಎಷ್ಟೋ ದಿನಗಳ ನಂತರ ಕೇಳಿದ ಮೊದಲ ಕೂಗು ಅದು. ಇಬ್ಬರೂ ನೆಲದ ಮೇಲೆ ಕೂತು ಎಳೆಗಳ ನಡುವೆ ಹಲ್ಲು ಹುಡುಕಿದರು.

"ಡಾಕ್ಟರ್ ಏನ ಹೇಳಿದ್ರು?"

"ನಾ ಕಡೀಲಿಲ್ಲ ಅದನ್ನ. ನೂಲ ತಾನ ಹೋಗಿ ಕುಂತ್ತು."

"ಇವತ್ತ ಹೋಗಿ ಕುಂತ್ತು. ನಾಳೆ ಖಾಯಂ ಹಲ್ಲು ಹಾಕಿಂದ ಹೋಗಿ ಕುಂತ್ರ?"

ಅಂಬವ್ವ ಬುಟ್ಟಿಯ ನೂಲು ಬಿಡಿಸತೊಡಗಿದಳು. ಅಪರೂಪದ ಈ ಗೆಲುವನ್ನು ಕಲ್ಪನಾ ಹಿಗ್ಗಿಸದೆ, ತನ್ನ ಯಂತ್ರದ ಡಬ್ಬಿಯಿಂದ ಬೆರಳುದ್ದದ ಕತ್ತರಿಯೊಂದನ್ನು ತಂದು ದಾರಕ್ಕೆ ಪೋಣಿಸಿ ಅತ್ತೆಯ ಕೊರಳಿಗೆ ಹಾಕಿದಳು.

"ಇನ್ನೊಂದು ತಾಳಿ ಕಟ್ಟಿದಿ ನೋಡು" ಎಂದಳು ಅಂಬವ್ವ. ಆದರೆ ತೆಗೆಯಲಿಲ್ಲ.

ಟೊಪಗಿಯನ್ನು ಡಾಕ್ಟರ್ ಬೈಯದೆ ಮತ್ತೆ ಅಂಟಿಸಿದಳು. ಖಾಯಂ ಹಲ್ಲು ಬಂದ ದಿನ ಅದನ್ನು ಕೂಡಿಸಿ ತೆಗೆದು, ಎತ್ತರ ನೋಡಿ ಸವಿಸಿ, ಕಚ್ಚಿಸಿ ನೋಡಿ, ಮತ್ತೆ ಸವಿಸಿ, ಕಡೆಗೆ ಅಂಟು ಹಚ್ಚಿ ಭದ್ರ ಮಾಡಿದಳು. ಒಸಡಿನ ಅಂಚನ್ನು ದಿನವೂ ಸ್ವಚ್ಛವಾಗಿಡಬೇಕೆಂದು ಹೇಳಿದಳು. ಹೊರಡುವಾಗ, ಹಿರಿಯರ ಕಿವಿಯನ್ನೂ ಒಮ್ಮೆ ತೋರಿಸಿ ಎಂದಳು. ಗೋಪಣ್ಣ ಆಗ ಬೇಕೆಂದೇ ಬಾಗಿಲ ಕಡೆ ನೋಡುತ್ತಿದ್ದ.

ದಾರಿಯುದ್ದಕ್ಕೂ ಅಂಬವ್ವನ ನಾಲಿಗೆ ಹೊಸ ಹಲ್ಲಿನ ಅಂಚನ್ನು ತಡವುತ್ತಿತ್ತು. ಎಲ್ಲ ಸರಿಯಿತ್ತು, ಕಚ್ಚೊಂದೇ ಇರಲಿಲ್ಲ. ಓಣಿಯ ಬಾಯಲ್ಲಿ ದೇವವ್ವ ಕಾದಿದ್ದಳು. ಅಂಬವ್ವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ಪರೀಕ್ಷಿಸಿದಳು. "ಯಾವದಲೇ ಅದು?" ಎಂದಳು. ತಪ್ಪು ಹಲ್ಲನ್ನು ತೋರಿಸಿದಳು. ಮತ್ತೊಂದನ್ನು ತೋರಿಸಿದಳು, ಅದೂ ತಪ್ಪು. ಆಮೇಲೆ ತನ್ನ ಸೆಟ್ಟನ್ನು ಒಮ್ಮೆ ಒತ್ತಿಕೊಂಡು ತನ್ನ ಮನೆಯ ಕಡೆ ನಡೆದಳು.

ಮನೆಗೆ ಬಂದವಳೇ ಅಂಬವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಗ್ಗದ ಎದುರಿಗೆ ಕೂತಳು. ವಾರಗಟ್ಟಲೆ ಬಾಕಿ ಉಳಿದದ್ದೆಲ್ಲ ಹೊರಬಂತು. ಆರಿದ ಜಳಕದ ನೀರು, ಮರೆತ ಹಾಲು, ಕಿವಿ ಕೇಳದ್ದನ್ನು ಹೆಂಡತಿಗೂ ಹೇಳದೆ ಮುಚ್ಚಿಟ್ಟ ಕಳ್ಳತನ. ಗೋಪಣ್ಣ ಲಾಳಿ ಕೆಳಗಿಟ್ಟು, ಗಲ್ಲಕ್ಕೆ ಕೈಯಿಟ್ಟು, ಕೀರ್ತನೆಗೆ ಕೂತವನಂತೆ ಅವಳ ಮುಖ ನೋಡುತ್ತ ಎಲ್ಲವನ್ನೂ ಕೇಳಿದ. ಎರಡೂ ಗೋಡೆಯಾಚೆ ಪಾವರಲೂಮುಗಳು ಭೋರ್ಗರೆಯುತ್ತಲೇ ಇದ್ದವು.

ಸಂಜೆ ಕಲ್ಪನಾ ಗರಿಗರಿಯಾದ ಕಟಕು ರೊಟ್ಟಿ ಬಡಿಸಿದಳು. ಅಂಬವ್ವ ಒಲೆಯ ಕಡೆ ತಿರುಗದೆ ಎಲ್ಲರೊಂದಿಗೆ ಕೂತು ಉಂಡಳು, ರೊಟ್ಟಿಯನ್ನು ಕೈಯಲ್ಲಿ ಮುರಿದು ದವಡೆಗೆ ಕೊಡುತ್ತ. ಉಪ್ಪು ಹೆಚ್ಚಾಗಿದೆ ಎಂದಳು. ಕಲ್ಪನಾಗೆ ಸಮಾಧಾನವಾಯಿತು.

ಮರುದಿನ ಗೋಪಣ್ಣ ನೇಯುತ್ತಿದ್ದ. ಅಂಬವ್ವನ ಕೈಯಲ್ಲಿ ಎಳೆ ತುಂಡಾಯಿತು. ಗಂಟು ಹಾಕಿ ತುದಿಯನ್ನು ಬಾಯಿಯವರೆಗೆ ಒಯ್ದಳು. ತುಟಿಯ ಬಳಿ ಕೈ ನಿಂತಿತು. ಕೊರಳಿನ ಕತ್ತರಿ ಹಿಡಿದು ಕಚ್ ಎನ್ನಿಸಿದಳು. ಕಲ್ಪನಾ ನೋಡಿಯೂ ನೋಡದಂತೆ ಸೂಜಿಗೆ ದಾರ ಪೋಣಿಸುತ್ತಿದ್ದಳು.

ಅಂಬವ್ವ ಗಂಡನತ್ತ ನೋಡಿದಳು. ಆಮೇಲೆ ಸೊಂಟದ ಸೆರಗು ಬಿಚ್ಚಿ, ಮೆಲ್ಲಗೆ ಬಾಯಿಗೆ ಅಡ್ಡ ಹಿಡಿದಳು.

"ಆ ಮಾರಿಗೇನಾಗೇತಿ, ಚಲೋನ ಐತಿ ಅಂದ್ರಲ್ಲ" ಎಂದಳು. "ಅದೊಂದ ಮಾತಿಗೆ ಹತ್ತ ಸಲ ಆ ದವಾಖಾನಿ ಕುರ್ಚಿ ಏರ್ತಿದ್ನಿ."

ಕಲ್ಪನಾಳ ದಾರ ಸೂಜಿಯ ಕಣ್ಣು ತಪ್ಪಿತು.

ಲಾಳಿ ನಿಂತಿತು. "ಏನಂದಿ?"

ಸೆರಗು ಇಳಿಯಿತು. "ರೊಟ್ಟಿ ಆರಾಕತ್ತಾವ, ಊಟಕ್ಕ ಏಳ್ರಿ ಅಂದೆ."

"ಅಷ್ಟ ಹೇಳಾಕ ಸೆರಗ್ಯಾಕ?"

"ನೆಗಡಿ ಬಂದೈತಿ."

ಗೋಪಣ್ಣ ಏಳಲಿಲ್ಲ, ಅವಳ ಮುಖವನ್ನೇ ನೋಡುತ್ತ ಕೂತ. ಅಂಬವ್ವ ನಗು ತಡೆಯಲು ಹೋಗಿ ತಡೆಯಲಾರದೆ ಹೋದಳು. ಹೊಸದು ಯಾವುದು, ಹಳೆಯದು ಯಾವುದು ಗುರುತು ಸಿಗದ ಹಲ್ಲಿನ ಸಾಲು ಪೂರ್ತಿ ಕಂಡಿತು.

"ಏಳ್ರಿ ಅಂದ್ರ!"

"ತಡಿ" ಎಂದ ಗೋಪಣ್ಣ. "ಇನ್ನೂ ಕೇಳಾಕತ್ತೇನಿ."